ಮಳೆಗಾಲದಲ್ಲಿ ಒಬ್ಬರೇ ಧರ್ಮಶಾಲಾಗೆ: ರೂಮು ಮೇಲೆ ಮಾಡೋದಾ, ಕೆಳಗೆ ಮಾಡೋದಾ?

ಹಿಮಾಚಲದ ಧರ್ಮಶಾಲಾ ಒಂದೇ ಊರಲ್ಲ. ಗುಡ್ಡದ ಬುಡದಿಂದ ಮೇಲಿನ ತನಕ ಒಂದರ ಮೇಲೊಂದು ಕೂತಿರುವ ನಾಲ್ಕೈದು ಊರುಗಳು. ಕೆಳಗೆ ಕೋತ್ವಾಲಿ ಬಜಾರ್ ಇರುವ ಹಳೇ ಪೇಟೆ. ಅದರ ಮೇಲೆ ಟಿಬೆಟನ್ನರ ಕಚೇರಿಗಳು, ಲೈಬ್ರರಿ ಇರುವ ಗಂಗ್‌ಚೆನ್ ಕ್ಯಿಶೊಂಗ್. ಇನ್ನೂ ಮೇಲೆ ದಲೈ ಲಾಮಾ ಇರುವ ಮೆಕ್ಲೋಡ್‌ಗಂಜ್, ಅಲ್ಲಿಂದ ಒಂದು ದಾರಿ ಭಾಗ್ಸುಗೆ, ಇನ್ನೊಂದು ಧರಮ್‌ಕೋಟ್‌ಗೆ. ಬಿಸಿಲಿನ ದಿನಗಳಲ್ಲಿ ಎಲ್ಲಿ ಉಳಿದರೂ ನಡೆಯುತ್ತದೆ. ಮಳೆಗಾಲದಲ್ಲಿ, ಅದೂ ಒಬ್ಬರೇ, ಅದೂ ಎಣಿಸಿಟ್ಟ ದುಡ್ಡಲ್ಲಿ ಹೋಗುವವರಿಗೆ ಹಾಗಲ್ಲ. ರೂಮು ಎಲ್ಲಿ ಮಾಡಿದಿರಿ ಅನ್ನೋದರ ಮೇಲೆಯೇ ಉಳಿದಿದ್ದೆಲ್ಲ ನಿಂತಿರುತ್ತದೆ.

ಕಾರಣ ಟ್ಯಾಕ್ಸಿ. ಮೂವರು ಹೋದರೆ ಬಾಡಿಗೆ ಹಂಚಿಕೊಳ್ಳಬಹುದು, ಒಬ್ಬರೇ ಹೋದರೆ ಪೂರ್ತಿ ನಮ್ಮ ಜೇಬಿಂದಲೇ. ಮೆಕ್ಲೋಡ್‌ಗಂಜ್ ಚೌಕದಲ್ಲಿ ಟ್ಯಾಕ್ಸಿ ಯೂನಿಯನ್ನಿನವರು ರೇಟು ನಿಗದಿ ಮಾಡಿಟ್ಟಿರುತ್ತಾರೆ, ಚೌಕಾಸಿಗೆ ಅಷ್ಟು ಜಾಗ ಇಲ್ಲ. ಇನ್ನೂರು ರೂಪಾಯಿ ಅಗ್ಗ ಅಂತ ಮೇಲಿನ ಹಳ್ಳಿಯಲ್ಲಿ ರೂಮು ಹಿಡಿದು, ರಾತ್ರಿ ಊಟ ಮುಗಿಸಿ ಜಡಿಮಳೆಯಲ್ಲಿ ವಾಪಸ್ ಹೋಗಲು ಅದೇ ಇನ್ನೂರು ಗಾಡಿಗೆ ಕೊಟ್ಟರೆ ಉಳಿದದ್ದೇನು? ಅದಕ್ಕೇ ನಾನು ಇಲ್ಲಿ ಬಾಡಿಗೆಗಿಂತ ಮೊದಲು ಬೇರೆ ಒಂದು ಲೆಕ್ಕ ನೋಡುತ್ತೇನೆ: ಹಾಸಿಗೆಯಿಂದ ಬಿಸಿ ಊಟಕ್ಕೆ ಎಷ್ಟು ದೂರ, ಆ ದಾರಿ ಕತ್ತಲಲ್ಲಿ, ಮಳೆಯಲ್ಲಿ ಹೇಗಿರುತ್ತದೆ.

ಮೊದಲು ತಿಂಗಳು

ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ ಬೀಳುತ್ತದೆ. ಏಳೆಂಟುನೂರು ಮೀಟರ್ ಎತ್ತರದ ಕಾಂಗ್ರಾ ಕಣಿವೆಯ ಪಕ್ಕದಲ್ಲೇ ಧೌಲಾಧಾರ್ ಸಾಲು ಗೋಡೆ ಎದ್ದಂತೆ ನಾಲ್ಕು ಸಾವಿರ ಮೀಟರ್ ದಾಟಿ ನಿಂತಿದೆ. ಬಯಲಿಂದ ಬಂದ ಮೋಡಕ್ಕೆ ಮುಂದೆ ದಾರಿಯಿಲ್ಲ, ಇಲ್ಲೇ ಸುರಿಯಬೇಕು. ಆಗುಂಬೆ ಕಡೆಯವರಿಗೆ ಈ ಮಳೆ ಏನೂ ಅನ್ನಿಸಲಿಕ್ಕಿಲ್ಲ. ಆದರೆ ಇಲ್ಲಿಯ ಗುಡ್ಡ ಸಡಿಲ. ಅದನ್ನು ಕಡಿದು, ಒಂದರ ನೆತ್ತಿಗೆ ಇನ್ನೊಂದರ ಪಾಯ ಬರುವಂತೆ ಕಟ್ಟಡ ಕಟ್ಟಿದ್ದಾರೆ. ನೀರಿಗಿಂತ ಮಣ್ಣಿಗೆ ಹೆದರಬೇಕಾದ ಜಾಗ ಇದು.

ಮುಂಗಾರು ಹಿಮಾಚಲಕ್ಕೆ ಕಾಲಿಡುವುದು ಜೂನ್ ಕೊನೆಯ ವಾರದ ಹೊತ್ತಿಗೆ. ಅದಕ್ಕೆ ಮುಂಚಿನ ಜೂನ್ ಲೆಕ್ಕದ ದುಡ್ಡಿನವರಿಗೆ ಹೇಳಿದ್ದಲ್ಲ. ಬಯಲಿನ ಸೆಖೆ ತಾಳಲಾರದೆ ದೆಹಲಿ, ಪಂಜಾಬಿನವರೆಲ್ಲ ಮೇಲೆ ಬಂದಿರುತ್ತಾರೆ. ರೂಮಿನ ರೇಟೂ ಮೇಲೆ ಹೋಗಿರುತ್ತದೆ, ಚೌಕದಲ್ಲಿ ಕಾರುಗಳು ಅಲುಗಾಡುವುದಿಲ್ಲ. ಮಳೆ ಹಿಡಿದ ಮೇಲೆ ಜನ ಕರಗುತ್ತಾರೆ. ಜುಲೈ 6 ದಲೈ ಲಾಮಾ ಹುಟ್ಟಿದ ದಿನ, ಆ ಆಸುಪಾಸಿನ ದಿನಗಳಲ್ಲಿ ಮಾತ್ರ ಮೆಕ್ಲೋಡ್‌ಗಂಜ್‌ನಲ್ಲಿ ರೂಮು ಸಿಗೋದು ಕಷ್ಟ. ಅದಾದ ಮೇಲೆ ಅವರು ಮಳೆ ಮುಗಿಯುವ ತನಕ ಲಡಾಖ್‌ನಲ್ಲಿ ಇದ್ದ ವರ್ಷಗಳು ಹಲವು. ಅವರನ್ನು ನೋಡಬೇಕು ಅಂತಲೇ ಹೋಗುವವರು ಅವರ ಕಚೇರಿ ಹಾಕುವ ವೇಳಾಪಟ್ಟಿ ನೋಡದೆ ಟಿಕೆಟ್ ಮಾಡಬೇಡಿ.

ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ರೂಮು ಎಲ್ಲಕ್ಕಿಂತ ಅಗ್ಗ. ರಸ್ತೆ ಕೈಕೊಡುವುದೂ ಆಗಲೇ. ಈ ಅಗ್ಗಕ್ಕೂ ಒಂದು ತೂತು ಇದೆ: ಆಗಸ್ಟ್ 15ಕ್ಕೆ ಶನಿವಾರ, ಭಾನುವಾರ ಅಂಟಿಕೊಂಡು ಬಂದರೆ ಆ ಮೂರು ದಿನ ಮತ್ತೆ ಜೂನ್‌ನದೇ ಜಾತ್ರೆ. ಸೆಪ್ಟೆಂಬರ್ ಎರಡನೇ ಅರ್ಧ ನನ್ನ ಆಯ್ಕೆ. ಮಳೆ ಬಿಟ್ಟು ಬಿಟ್ಟು ಬರುತ್ತದೆ, ಬಿಟ್ಟಾಗ ಧೌಲಾಧಾರ್ ತೊಳೆದಿಟ್ಟಂತೆ ಕಾಣುತ್ತದೆ, ದಸರಾ ರಜೆಯವರು ಇನ್ನೂ ಬಂದಿರುವುದಿಲ್ಲ, ಮಳೆಗಾಲದ ರೇಟು ಇನ್ನೂ ಏರಿರುವುದಿಲ್ಲ. ಕೆಲಸದಿಂದ ರಜೆ ಸಿಗೋದು ಆಗಸ್ಟಿನಲ್ಲಿ ಮಾತ್ರ ಅನ್ನುವವರು ಹೋಗಲೇಬಾರದು ಅಂತಲ್ಲ. ಐದು ದಿನದ ಪ್ಲಾನಿಗೆ ಏಳು ದಿನ ಇಟ್ಟುಕೊಂಡು ಹೋಗಿ.

ಮಳೆಯೇ ಬೇಡ, ಬರೀ ಬೆಟ್ಟ ಬೇಕು ಅನ್ನುವವರಿಗೆ ಧರ್ಮಶಾಲಾ ಅಲ್ಲ, ಲಾಹೌಲ್, ಸ್ಪಿತಿ, ಲಡಾಖ್ ಸರಿ. ಅವೆಲ್ಲ ಮಳೆನೆರಳಿನ ನಾಡು. ಆದರೆ ಸ್ಪಿತಿಗೆ ಹೋಗುವ ದಾರಿ ಮನಾಲಿ ಕಡೆಯಿಂದಲೋ ಕಿನ್ನೌರ್ ಕಡೆಯಿಂದಲೋ ಬರಬೇಕು, ಆ ಎರಡೂ ದಾರಿಗಳು ಮಳೆಗಾಲದಲ್ಲಿ ಜರಿಯುವುದು ಇದ್ದೇ ಇದೆ. ಒಣ ಊರು ಸೇರಲು ಒದ್ದೆ ದಾರಿಯನ್ನೇ ದಾಟಬೇಕು.

ಎಲ್ಲಿ ಉಳಿಯೋದು

ಕೆಳಗಿಂದ ಶುರು ಮಾಡೋಣ. ಕೋತ್ವಾಲಿ ಬಜಾರ್ ಅಂದರೆ ಜಿಲ್ಲಾ ಕೇಂದ್ರದ ಮಾಮೂಲಿ ಪೇಟೆ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ರಾಜ್ಮಾ ಅನ್ನ ಹಾಕುವ ಢಾಬಾ. ಕೆಲಸದ ಮೇಲೆ ಬಂದವರು ಒಂದು ರಾತ್ರಿ ತಂಗುವ ಲಾಡ್ಜುಗಳು. ಬ್ಯಾಗು ಬೆನ್ನಿಗೆ ಹಾಕಿಕೊಂಡು ಹಿಮಾಲಯ ನೋಡಲು ಬಂದವರು ಇಲ್ಲಿ ಉಳಿಯುವುದು ಕಡಿಮೆ, ಅದಕ್ಕೇ ರೇಟು ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಬಸ್ ಸ್ಟ್ಯಾಂಡ್ ಇಲ್ಲೇ ಕೆಳಗೆ, ಸರ್ಕಾರಿ ಆಸ್ಪತ್ರೆ ಇಲ್ಲೇ, ಮೇಲಿನ ರಸ್ತೆ ಬಂದ್ ಆದರೂ ನೀವು ಸಿಕ್ಕಿಹಾಕಿಕೊಳ್ಳುವುದಿಲ್ಲ. ರಾತ್ರಿ ತಡವಾಗಿ ಬಂದು ಇಳಿದರೆ ಮೊದಲ ರಾತ್ರಿ ಇಲ್ಲೇ ಕಳೆಯೋದು ಜಾಣತನ. ಬೆಳಿಗ್ಗೆ ಎದ್ದು, ಮೇಲೆ ಮಳೆ ಹೇಗಿದೆ ಅಂತ ಕೇಳಿಕೊಂಡು ಹತ್ತಬಹುದು.

ಆದರೆ ಇಲ್ಲೇ ಠಿಕಾಣಿ ಹೂಡಿ ದಿನಾ ಮೇಲೆ ಹೋಗಿ ಬರುತ್ತೇನೆ ಅಂದರೆ ಬೇಜಾರಾಗುತ್ತದೆ. ಮೆಕ್ಲೋಡ್‌ಗಂಜ್‌ಗೆ ರಸ್ತೆಯಲ್ಲಿ ಒಂಬತ್ತು ಹತ್ತು ಕಿಲೋಮೀಟರ್. ಲೋಕಲ್ ಬಸ್ಸು ಮತ್ತು ಶೇರ್ ಗಾಡಿಗಳಿವೆ, ಟಿಕೆಟ್ಟು ಚಿಲ್ಲರೆ ದುಡ್ಡು, ಕಾಯುವುದು ಮಾತ್ರ ಮಳೆಯಲ್ಲಿ. 2022ರ ಜನವರಿಯಲ್ಲಿ ಶುರುವಾದ ಧರ್ಮಶಾಲಾ ಸ್ಕೈವೇ ಅನ್ನುವ ರೋಪ್‌ವೇ ಇದೆ, 1.8 ಕಿಲೋಮೀಟರ್ ದೂರವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಒಂದು ಸಲ ಹತ್ತಿ ನೋಡಬಹುದು. ದಿನಾ ಹೋಗಿಬರಲು ಅದನ್ನು ನಂಬಿಕೊಂಡರೆ ಬಸ್ಸಿಗಿಂತ ಎಷ್ಟೋ ಪಟ್ಟು ದುಬಾರಿ, ಮತ್ತೆ ಗಾಳಿ ಗುಡುಗು ಜೋರಾದರೆ ನಿಲ್ಲಿಸುತ್ತಾರೆ. ದಟ್ಟ ಮೋಡದ ದಿನ ಹತ್ತಿದರೆ ಬಿಳಿ ಗಾಜು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೆಕ್ಲೋಡ್‌ಗಂಜ್ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಚೌಕ, ಅಲ್ಲಿಂದ ಕೆಳಕ್ಕೆ ಇಳಿಯುವ ಟೆಂಪಲ್ ರೋಡ್ ಮತ್ತು ಜೋಗಿವಾರಾ ರೋಡ್, ಇಷ್ಟೇ ಊರಿನ ಹೊಟ್ಟೆ. ಒಬ್ಬರೇ ಬಂದವರಿಗೆ, ಒಂದು ವಾರದೊಳಗಿನ ಪ್ರವಾಸಕ್ಕೆ, ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅನ್ನೋದು ನನ್ನ ಖಚಿತ ಮಾತು. ಗದ್ದಲ ಅಂತ ಜನ ಮೂಗು ಮುರಿಯುತ್ತಾರೆ. ಮಳೆ ಹಿಡಿದ ಸಂಜೆ ಅದೇ ಗದ್ದಲ ಆಸರೆ. ರೂಮಿಂದ ಇಳಿದರೆ ನೂರು ಹೆಜ್ಜೆಯಲ್ಲಿ ದೀಪ ಇರುವ ರಸ್ತೆ, ಎದುರಿಗೆ ಥುಕ್ಪಾ ಅನ್ನುವ ಟಿಬೆಟನ್ ನೂಡಲ್ಸ್ ಸೂಪ್ ಕುದಿಯುತ್ತಿರುವ ಪಾತ್ರೆ. ಪುಸ್ತಕದಂಗಡಿ ಇದೆ, ಗಂಟೆಗಟ್ಟಲೆ ಕೂತರೂ ಏಳಿ ಅನ್ನದ ಕೆಫೆ ಇದೆ, ಪಕ್ಕದ ಟೇಬಲಿನಲ್ಲಿ ನಿಮ್ಮ ಹಾಗೇ ಒಬ್ಬರೇ ಬಂದವರು ಇರುತ್ತಾರೆ. ಹುಡುಗಿಯರು ಒಬ್ಬರೇ ಹೋಗುವಾಗ ಇದನ್ನು ಇನ್ನೂ ಜಾಸ್ತಿ ತೂಗಿ ನೋಡಬೇಕು: ಎಂಟು ಗಂಟೆಯ ಮೇಲೆ ಜನ ಓಡಾಡುವ ರಸ್ತೆ ಈ ಗುಡ್ಡದಲ್ಲಿ ಬಹುಪಾಲು ಇಲ್ಲಿ ಮಾತ್ರ.

ಇಲ್ಲೂ ಜಾಗ ನೋಡಿ ಹಿಡಿಯಬೇಕು. ಚೌಕದ ಮೇಲಿನ ರೂಮು ಅಂದರೆ ಹಾರ್ನ್ ಕೇಳುತ್ತಾ ಮಲಗಬೇಕು. ದಲೈ ಲಾಮಾ ದೇವಾಲಯದ ಕಡೆಗೆ ಇಳಿದಷ್ಟೂ ಸದ್ದು ಕಡಿಮೆ. ಟಿಬೆಟನ್ನರು ನಡೆಸುವ ಚಿಕ್ಕ ಗೆಸ್ಟ್‌ಹೌಸುಗಳು, ಮಠಗಳ ಗೆಸ್ಟ್‌ಹೌಸುಗಳು ಅಲ್ಲೇ ಇವೆ. ಮಂಚ, ಮೇಜು, ಒಂದು ಕಿಟಕಿ, ಅಷ್ಟೇ, ಆದರೆ ಚೊಕ್ಕ. ಊಟದ ಬಗ್ಗೆ ಒಂದು ಮಾತು. ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆಯಿಲ್ಲ, ತರಕಾರಿ ಮೊಮೊ, ಆವಿಯಲ್ಲಿ ಬೇಯಿಸಿದ ಟಿಂಗ್ಮೋ ಬನ್ನು, ಕೈಯಲ್ಲಿ ಹರಿದು ಹಾಕಿದ ನೂಡಲ್ಸಿನ ತೆಂಥುಕ್ ಸೂಪ್ ಎಲ್ಲ ಸಿಗುತ್ತದೆ. ಆದರೆ ಥುಕ್ಪಾದಲ್ಲಿ ಕಣ್ಣಿಗೆ ಕಾಣುವುದು ತರಕಾರಿಯಾದರೂ ನೀರು ಮೂಳೆ ಬೇಯಿಸಿದ್ದಿರಬಹುದು. ವೆಜ್ಜಾ ಅಂತ ಕೇಳಿದರೆ ಸಾಲದು, ಸೂಪ್ ಯಾವುದರದ್ದು ಅಂತಲೂ ಕೇಳಿ.

ಭಾಗ್ಸು ಚೌಕದಿಂದ ಎರಡು ಕಿಲೋಮೀಟರ್. ಮಳೆಗಾಲದಲ್ಲಿ ನನ್ನ ಪಟ್ಟಿಯಲ್ಲಿ ಇದು ಕೊನೆಗೆ. ಭಾಗ್ಸುನಾಗ್ ದೇವಸ್ಥಾನ, ಅದರಾಚೆ ಜಲಪಾತ, ಹೋಟೆಲುಗಳು ಎಲ್ಲ ಒಂದು ಹಳ್ಳದ ಆಚೀಚೆ ಇವೆ. 2021ರ ಜುಲೈ 12ರಂದು ಆ ಹಳ್ಳ ಉಕ್ಕಿ ರಸ್ತೆಗೆ ನುಗ್ಗಿ ನಿಲ್ಲಿಸಿದ್ದ ಕಾರುಗಳನ್ನು ಹೊತ್ತುಕೊಂಡು ಹೋದ ವೀಡಿಯೊ ನೀವೂ ನೋಡಿರಬಹುದು. ಹಳ್ಳಕ್ಕೆ ಹತ್ತಿದ ಕಟ್ಟಡದಲ್ಲಿ ರೂಮು ಎಷ್ಟೇ ಅಗ್ಗ ಇರಲಿ, ಬಾಲ್ಕನಿಯಿಂದ ನೀರಿನ ಸದ್ದು ಎಷ್ಟೇ ಚೆಂದ ಕೇಳಲಿ, ಬೇಡ. ಅಪ್ಪರ್ ಭಾಗ್ಸು ಅನ್ನುವುದು ಬೇರೆ, ಹಳ್ಳದಿಂದ ದೂರ, ಮೆಟ್ಟಿಲು ಹತ್ತಿ ಹೋಗಬೇಕು, ಕೆಫೆಗಳು ಚೆನ್ನಾಗಿವೆ. ಬೆನ್ನ ಮೇಲೆ ಹದಿನೈದು ಕಿಲೋ ಇಟ್ಟುಕೊಂಡು ಒದ್ದೆ ಮೆಟ್ಟಿಲು ಹತ್ತಲು ತಯಾರಿದ್ದರೆ ನೋಡಬಹುದು.

ಧರಮ್‌ಕೋಟ್ ವಿಷಯದಲ್ಲಿ ನಾನು ಎರಡು ಮನಸ್ಸಿನವನು. ಕುರಿ ಮೇಯಿಸುವ ಗದ್ದಿ ಜನರ ಹಳ್ಳಿ ಅದು, ದೇವದಾರು, ಓಕ್ ಮರಗಳ ನಡುವೆ ಸ್ಲೇಟು ಕಲ್ಲಿನ ಮಾಡುಗಳು. 1972ರಲ್ಲಿ ಶುರುವಾದ ತುಷಿತಾ ಧ್ಯಾನ ಕೇಂದ್ರ ಅಲ್ಲಿದೆ, ಪಕ್ಕದಲ್ಲೇ ವಿಪಶ್ಯನ ಕೇಂದ್ರ. ತಿಂಗಳ ಬಾಡಿಗೆಗೆ ರೂಮು ಕೊಡುವ ಮನೆಗಳು ಇವೆ. ಕೆಲವಲ್ಲಿ ಗ್ಯಾಸ್ ಒಲೆ ಇರುವ ಚಿಕ್ಕ ಅಡುಗೆಮನೆಯೂ ಇರುತ್ತದೆ. ಲ್ಯಾಪ್‌ಟಾಪ್ ಹಿಡಿದು ಹದಿನೈದು ದಿನ, ತಿಂಗಳು ಕೂರುವವರಿಗೆ ಇದೇ ಅಗ್ಗ, ಇದೇ ಚೆಂದ. ಬೇಳೆ ಬೇಯಿಸಿಕೊಂಡು, ಕಿಟಕಿಯಲ್ಲಿ ಮೋಡ ಒಳಗೆ ಬರುವುದನ್ನು ನೋಡುತ್ತಾ ಇರಬಹುದು. ಹೊರಗೆ ಹೋಗುವ ಅವಶ್ಯಕತೆಯೇ ಇಲ್ಲದವರಿಗೆ ಮಳೆ ಕಷ್ಟ ಕೊಡುವುದಿಲ್ಲ.

ಮೂರು ದಿನಕ್ಕೆ ಬಂದವರ ಕಥೆ ಬೇರೆ. ಗಾಡಿ ರಸ್ತೆ ಹಳ್ಳಿಯ ಬಾಯಿಯವರೆಗೆ, ಆಮೇಲೆ ಕಾಲುದಾರಿ. ಜೋರು ಮಳೆಯಲ್ಲಿ ಆ ಕಾಲುದಾರಿಯೇ ಕಾಲುವೆ ಆಗುತ್ತದೆ, ಮೊಬೈಲ್ ಟಾರ್ಚಿನ ಬೆಳಕಲ್ಲಿ ಪಾದದ ಮೇಲೆ ಹರಿಯುವ ಕೆಂಪು ನೀರು ಬಿಟ್ಟು ಕಲ್ಲು ಯಾವುದು ಹೊಂಡ ಯಾವುದು ತಿಳಿಯುವುದಿಲ್ಲ. ಹುಲ್ಲಿನ ಅಂಚಲ್ಲಿ ಇಂಬಳಗಳು ಕಾದಿರುತ್ತವೆ. ಹಗಲಲ್ಲಿ ಮಂಗಗಳು, ರಾತ್ರಿ ನಾಯಿಗಳು. ಯಾರಾದರೂ ಜೊತೆಗಿದ್ದರೆ ಇದೆಲ್ಲ ನಗುವ ವಿಷಯ. ಒಬ್ಬರೇ ಇದ್ದು ಕಾಲು ಉಳುಕಿದರೆ, ಕೂಗಿ ಕರೆಯಲು ಹತ್ತಿರದ ಮನೆ ಎಲ್ಲಿದೆ ಅನ್ನೋದು ಮೊದಲೇ ಗೊತ್ತಿರಬೇಕು. ಧರಮ್‌ಕೋಟೇ ಬೇಕು ಅಂದರೆ ಗಾಡಿ ರಸ್ತೆಗೆ ಹತ್ತಿರದ ಮನೆ ಹಿಡಿಯಿರಿ, ಕೆಳಗೆ ಅಡುಗೆ ಮಾಡಿ ಬಡಿಸುವವರು ಇರುವ ಮನೆ ಆದರೆ ಇನ್ನೂ ಒಳ್ಳೆಯದು.

ಇಲ್ಲೇ ಹತ್ತಿರದ ನಡ್ಡಿ ಅನ್ನುವ ಹಳ್ಳಿಯ ಕಡೆ ರೂಮು ತೋರಿಸುವವರು ಧೌಲಾಧಾರ್ ವ್ಯೂ ಅಂತ ಹೇಳಿ ಹೆಚ್ಚು ದುಡ್ಡು ಕೇಳುತ್ತಾರೆ. ಜುಲೈ, ಆಗಸ್ಟಿನಲ್ಲಿ ಆ ವ್ಯೂ ಮೋಡದ ಹಿಂದೆ. ಕಾಣದ ಬೆಟ್ಟಕ್ಕೆ ಬಾಡಿಗೆ ಕೊಡಬೇಡಿ. ಕಣಿವೆಯಲ್ಲಿರುವ ಸಿದ್ಧಬಾಡಿ, ಸಿದ್ಧಪುರ ಕಡೆಯೂ ಹೋಂಸ್ಟೇಗಳಿವೆ. ಸಮತಟ್ಟು ನೆಲ, ಬಸ್ಸು ಸಿಗುತ್ತದೆ, ಗುಡ್ಡ ಜರಿಯುವ ಭಯ ಮೇಲಿನಷ್ಟಿಲ್ಲ, ಆದರೆ ಖಡ್ ಅಂತ ಕರೆಯುವ ತೊರೆಗಳ ದಂಡೆಯಿಂದ ದೂರ ಇರಬೇಕು. 2025ರ ಜೂನ್‌ನಲ್ಲಿ ಖನಿಯಾರಾ ಹತ್ತಿರ ಮನುಣಿ ಖಡ್ ಉಕ್ಕಿ ಜಲವಿದ್ಯುತ್ ಕಾಮಗಾರಿಯ ಕೂಲಿಕಾರರನ್ನು ಕೊಚ್ಚಿಕೊಂಡು ಹೋಯಿತು. ಕೆಳಗೆ ಬಿಸಿಲಿದ್ದರೂ ಮೇಲೆ ಮೋಡ ಒಡೆದರೆ ಈ ತೊರೆಗಳು ಏರಲು ಹೊತ್ತು ಬೇಕಿಲ್ಲ.

ಡಾರ್ಮಾ, ಸ್ವಂತ ರೂಮಾ

ಒಬ್ಬರೇ ಬಜೆಟ್ ಅಂದರೆ ಎಲ್ಲರೂ ಡಾರ್ಮ್ ಅನ್ನುತ್ತಾರೆ. ಬಿಸಿಲು ಕಾಲಕ್ಕೆ ಸರಿ. ಮಳೆಗಾಲದಲ್ಲಿ ಆರೆಂಟು ಜನರ ಒದ್ದೆ ಜಾಕೆಟ್, ಒದ್ದೆ ಶೂ, ಒದ್ದೆ ಟವೆಲ್ಲು ಒಂದೇ ರೂಮಿನಲ್ಲಿ ತೂಗುಹಾಕಿ ಕಿಟಕಿ ಮುಚ್ಚಿದರೆ ಏನು ವಾಸನೆ ಅನ್ನೋದನ್ನು ಬರೆದು ತಿಳಿಸೋಕೆ ಆಗಲ್ಲ. ಡಾರ್ಮಿನ ಬೆಡ್ಡಿಗೆ ಐದಾರುನೂರು ಕೊಡುವ ಹೊತ್ತಲ್ಲಿ, ಮಳೆಗಾಲದ ಖಾಲಿ ಗೆಸ್ಟ್‌ಹೌಸಿನಲ್ಲಿ ಸ್ವಂತ ರೂಮು ಅದಕ್ಕಿಂತ ಎರಡು ಮೂರು ನೂರು ಜಾಸ್ತಿಗೆ ಸಿಗುವುದುಂಟು. ಆ ವ್ಯತ್ಯಾಸ ಕೊಟ್ಟುಬಿಡಿ. ಮಾತಾಡಲು ಜನ ಬೇಕು ಅನ್ನುವ ಕಾರಣಕ್ಕೆ ಡಾರ್ಮ್ ಹಿಡಿಯುವವರು ಮೊದಲ ಎರಡು ರಾತ್ರಿ ಅಲ್ಲಿದ್ದು, ಜೊತೆ ಸಿಕ್ಕ ಮೇಲೆ ರೂಮಿಗೆ ಬದಲಾಯಿಸಿಕೊಳ್ಳಬಹುದು.

ಆನ್‌ಲೈನ್‌ನಲ್ಲಿ ಒಂದೇ ರಾತ್ರಿಗೆ ಬುಕ್ ಮಾಡಿ, ಉಳಿದದ್ದನ್ನು ಹೋಗಿ ನೋಡಿ ಮಾತಾಡಿ. ಟಿಬೆಟನ್ ಹೆಂಗಸರನ್ನು ಅಮಾ-ಲಾ ಅಂತ ಕರೆಯುವುದು ಅಲ್ಲಿಯ ಮರ್ಯಾದೆ. "ಅಮಾ-ಲಾ, ನಾನೊಬ್ಬನೇ, ಒಂದು ವಾರ ಇರ್ತೀನಿ, ಎಷ್ಟಕ್ಕೆ ಕೊಡ್ತೀರಾ?" ಅಂತ ಹಿಂದಿಯಲ್ಲಿ ನೇರ ಕೇಳಿದರೆ ಮಳೆಗಾಲದಲ್ಲಿ ಇಳಿಸಿಯೇ ಇಳಿಸುತ್ತಾರೆ. ರೂಮಿಗೆ ಇಬ್ಬರ ರೇಟು ಹೇಳಿದರೆ ಒಬ್ಬರೇ ಅನ್ನೋದನ್ನು ಇನ್ನೊಮ್ಮೆ ಹೇಳಿ. ಮಠದ ಗೆಸ್ಟ್‌ಹೌಸಿನಲ್ಲಿ ಮಾತ್ರ ಚೌಕಾಸಿ ಬೇಡ, ಅಲ್ಲಿ ರೇಟು ಒಂದೇ, ಅದು ಮೊದಲೇ ಕಡಿಮೆ ಇರುತ್ತದೆ.

ದುಡ್ಡು ಕೊಡುವ ಮುಂಚೆ ರೂಮಿನೊಳಗೆ ಐದು ನಿಮಿಷ ನಿಲ್ಲಿ. ಮಂಚದ ತಲೆಯ ಕಡೆಯ ಗೋಡೆಗೆ ಅಂಗೈ ಒತ್ತಿ ನೋಡಿ. ಗುಡ್ಡ ಕೊರೆದು ಕಟ್ಟಿದ ಕಟ್ಟಡಗಳಲ್ಲಿ ಹಿಂದಿನ ರೂಮಿನ ಗೋಡೆಯ ಆಚೆ ಬರೀ ಮಣ್ಣು ಇರುತ್ತದೆ, ನೀರು ಒಸರಿ ಒಸರಿ ಬಣ್ಣ ಪೊರೆ ಪೊರೆಯಾಗಿ ಏಳುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಹೊಸದಾಗಿ ಬಣ್ಣ ಬಳಿದು ಮುಚ್ಚಿದ್ದರೂ ಅಂಗೈಗೆ ತಣ್ಣಗೆ ಜಿಡ್ಡಾಗಿ ತಾಗುತ್ತದೆ. ಆಮೇಲೆ ರಜಾಯಿಯ ಅಂಚು ಎತ್ತಿ ಮೂಸಿ. ನಾಚಿಕೆ ಏನೂ ಬೇಡ, ಎರಡು ಬಗೆಯ ವಾಸನೆ ಇರುತ್ತದೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಯ ವಾಸನೆ ಆದರೆ ಪರವಾಗಿಲ್ಲ, ಹಳಸಿದ ವಾಸನೆ ಆದರೆ ಬೇರೆ ರಜಾಯಿ ಕೇಳಿ ಇಲ್ಲವೇ ಬೇರೆ ಮನೆ ನೋಡಿ. ಕಣಿವೆಯ ಕಡೆ ಮುಖ ಮಾಡಿದ, ಕಿಟಕಿ ತೆರೆಯಬಹುದಾದ, ಎರಡನೇ ಮಹಡಿಯ ರೂಮು ಸಿಕ್ಕರೆ ನೂರು ರೂಪಾಯಿ ಜಾಸ್ತಿ ಆದರೂ ಅದೇ ಸರಿ. ತೀರಾ ಮೇಲಿನ ತಗಡಿನ ಮಾಡಿನ ರೂಮೂ ಬೇಡ, ರಾತ್ರಿ ಜೋರು ಮಳೆ ಬಂದರೆ ಫೋನಿನಲ್ಲಿ ಮಾತಾಡೋಕೂ ಆಗದಷ್ಟು ಸದ್ದು. ಗೀಸರ್ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಕರೆಂಟು ಹೋದರೆ ಬಿಸಿನೀರು ಏನು ಮಾಡ್ತೀರಿ ಅಂತ ಕೇಳಿ ನೋಡಿ, ಉತ್ತರದಲ್ಲೇ ಆ ಮನೆ ಎಂಥದು ಅಂತ ಗೊತ್ತಾಗುತ್ತದೆ.

ಹೋಗೋದು ಹೇಗೆ

ದೆಹಲಿಯಿಂದ ರಾತ್ರಿ ಬಸ್ಸು ಸುಲಭದ ದಾರಿ. ಕಾಶ್ಮೀರಿ ಗೇಟ್ ಬಸ್ ನಿಲ್ದಾಣದಿಂದ ಹಿಮಾಚಲದ ಸರ್ಕಾರಿ ಬಸ್ಸುಗಳು, ಮಜ್ನೂ ಕಾ ಟೀಲಾದಿಂದ ಖಾಸಗಿ ಬಸ್ಸುಗಳು. ಹತ್ತು ಹನ್ನೆರಡು ಗಂಟೆ. ಸರ್ಕಾರಿ ಆರ್ಡಿನರಿ ಬಸ್ಸು ವೋಲ್ವೋದ ಅರ್ಧ ದುಡ್ಡಿಗೆ ಹೋಗುತ್ತದೆ ಅಂತ ಆಸೆ ಆಗುತ್ತದೆ, ಆದರೆ ಮಳೆಗಾಲದ ರಾತ್ರಿ ಕಿಟಕಿಯ ಸಂದಿಯಿಂದ ನೀರು ಹನಿಯುವ ಸೀಟಿನಲ್ಲಿ ಕೂತು ಹೋದರೆ ಮರುದಿನ ಪೂರ್ತಿ ನಿದ್ದೆಗೆ ಹೋಗುತ್ತದೆ. ನಾನಾದರೆ ಹೋಗುವಾಗ ವೋಲ್ವೋ, ಬರುವಾಗ ದುಡ್ಡು ನೋಡಿಕೊಂಡು. ಸರ್ಕಾರಿ ವೋಲ್ವೋ ಮತ್ತು ಖಾಸಗಿ ಬಸ್ಸಿನ ನಡುವೆ ಸರ್ಕಾರಿದೇ ಮೇಲು: ದಾರಿ ಬಂದ್ ಆದರೆ ಡ್ರೈವರಿಗೆ ಡಿಪೋದಿಂದ ಸುದ್ದಿ ಬರುತ್ತದೆ, ನಡುದಾರಿಯಲ್ಲಿ ಇಳಿಸಿ ಹೋಗುವ ಭಯ ಕಡಿಮೆ.

ರೈಲು ಇಷ್ಟಪಡುವವರಿಗೆ ಪಠಾಣ್‌ಕೋಟ್. ದೆಹಲಿಯಿಂದ ಜಮ್ಮು ಕಡೆಗೆ ಹೋಗುವ ರಾತ್ರಿ ರೈಲುಗಳಲ್ಲಿ ಹೆಚ್ಚಿನವು ಪಠಾಣ್‌ಕೋಟ್ ಕ್ಯಾಂಟ್ ನಿಲ್ದಾಣದಲ್ಲಿ ನಿಲ್ಲುತ್ತವೆ, ಜಂಕ್ಷನ್ ಬೇರೆ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 90 ಕಿಲೋಮೀಟರ್, ಮೂರು ಗಂಟೆ, ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುವಲ್ಲಿ ಕೆಸರಿದ್ದರೆ ಇನ್ನೂ ಸ್ವಲ್ಪ. ಸ್ಲೀಪರಿನಲ್ಲಿ ಕಾಲು ಚಾಚಿ ಮಲಗಿ, ಹಗಲು ಹೊತ್ತಿನಲ್ಲಿ ಗುಡ್ಡ ಹತ್ತೋದು ಇದರ ದೊಡ್ಡ ಲಾಭ. ದುಡ್ಡಿನಲ್ಲೂ ಇದೇ ಅಗ್ಗ, ವೇಟಿಂಗ್ ಲಿಸ್ಟಿನ ತಲೆನೋವು ಒಂದು ಬಿಟ್ಟರೆ. ಪಠಾಣ್‌ಕೋಟಿನಿಂದ ಜೋಗಿಂದರ್‌ನಗರಕ್ಕೆ 164 ಕಿಲೋಮೀಟರ್ ಉದ್ದದ ಕಾಂಗ್ರಾ ಕಣಿವೆಯ ಪುಟ್ಟ ರೈಲಿನ ಫೋಟೋ ನೋಡಿ ಆಸೆ ಪಟ್ಟವರಿಗೆ ಒಂದು ಮಾತು: 2022ರ ಆಗಸ್ಟಿನಲ್ಲಿ ಅದರ ಚಕ್ಕಿ ಸೇತುವೆ ಪ್ರವಾಹಕ್ಕೆ ಕುಸಿದು ಬಿತ್ತು. ಮಳೆಗಾಲದಲ್ಲಿ ಆ ಲೈನ್ ನಿಲ್ಲಿಸುವುದು ಮಾಮೂಲು. ಅದನ್ನು ನೆಚ್ಚಿಕೊಂಡು ಊರು ಸೇರುವ ಪ್ಲಾನ್ ಮಾಡಬೇಡಿ.

ವಿಮಾನ ಕೆಳಗೆ ಕಣಿವೆಯಲ್ಲಿರುವ ಗಗ್ಗಲ್ ತನಕ ಇದೆ. ರನ್‌ವೇ ಗಿಡ್ಡ, ಮೋಡ ಇಳಿದರೆ ರದ್ದು. ಈ ಕಾಲಕ್ಕೆ ಬೇಡ.

ಕೊಡೆ, ಶೂ, ದುಡ್ಡು

ರೇನ್‌ಕೋಟಾ ಕೊಡೆಯಾ ಅಂದರೆ ಎರಡೂ. ಪೇಟೆಯಲ್ಲಿ ಕೊಡೆ, ಏಕೆಂದರೆ ಕೆಫೆಗೆ ಹೋದಲ್ಲೆಲ್ಲ ಒದ್ದೆ ಪೋಂಚೊ ಬಿಚ್ಚಿ ಎಲ್ಲಿಡುತ್ತೀರಿ? ಕಾಡುದಾರಿಯಲ್ಲಿ ಬ್ಯಾಗಿನ ಮೇಲೆ ಬರುವಂಥ ಪೋಂಚೊ, ಎರಡು ಕೈಯೂ ಖಾಲಿ ಬೇಕು. ಟ್ರೆಕ್ಕಿಂಗ್ ಶೂ ಒಮ್ಮೆ ನೆಂದರೆ ನಾಲ್ಕು ದಿನ ಒಣಗುವುದಿಲ್ಲ, ಹಾಗಾಗಿ ಹಿಡಿತ ಇರುವ ರಬ್ಬರ್ ಸ್ಯಾಂಡಲ್ಲೇ ಪೇಟೆಗೆ ಸರಿ. ಶೂ ಜೊತೆಯನ್ನು ಒಣಗಿಸಿಟ್ಟುಕೊಂಡು ಮಳೆ ಬಿಡುವು ಕೊಟ್ಟ ದಿನಕ್ಕೆ ತೆಗೆದಿಡಿ. ಜೀನ್ಸ್ ತರಲೇಬೇಡಿ. ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಬಟ್ಟೆ ತುಂಬಿ, ಹೊರಗಿನ ರೇನ್ ಕವರು ಬೆನ್ನಿನ ಕಡೆಯಿಂದ ಬರುವ ನೀರನ್ನು ತಡೆಯಲ್ಲ.

ಪ್ರೀಪೇಯ್ಡ್ ಸಿಮ್ ಹಿಮಾಚಲದಲ್ಲಿ ನಡೆಯುತ್ತದೆ, ಹೊರಗಿನ ಪ್ರೀಪೇಯ್ಡ್ ನಡೆಯದ ಜಮ್ಮು ಕಾಶ್ಮೀರದ ನಿಯಮ ಇಲ್ಲಿಗಿಲ್ಲ. ಯುಪಿಐ ಎಲ್ಲ ಕಡೆ ಇದೆ, ಕರೆಂಟು ನೆಟ್‌ವರ್ಕು ಇರುವ ತನಕ. ಎರಡು ದಿನದ ಊಟ, ರೂಮು, ಪಠಾಣ್‌ಕೋಟಿನ ಬಸ್ಸು ಇಷ್ಟಕ್ಕೆ ಆಗುವಷ್ಟು ನೋಟು ಬೇರೆ ಕಡೆ ಮಡಚಿ ಇಟ್ಟುಕೊಳ್ಳಿ.

ತ್ರಿಯುಂಡ್ ಹತ್ತೋದಾ, ಬಿಡೋದಾ

ಬಿಡಿ. 2,850 ಮೀಟರಿನ ಆ ಹುಲ್ಲುಗಾವಲು ಎಲ್ಲರ ಪಟ್ಟಿಯಲ್ಲಿ ಮೊದಲು ಇರುತ್ತದೆ, ಗೊತ್ತು. ಮಳೆ ಜೋರಾದಾಗ ಜಿಲ್ಲಾಡಳಿತ ಚಾರಣ ನಿಷೇಧಿಸುತ್ತದೆ, ದಾರಿಯಲ್ಲಿ ತಡೆದು ವಾಪಸ್ ಕಳಿಸುತ್ತಾರೆ. ನಿಷೇಧ ಇಲ್ಲದ ದಿನವೂ ಒಬ್ಬರೇ ಹೋಗುವ ದಾರಿಯಲ್ಲ ಅದು, ಮೋಡ ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಕಾಲು ತುಡಿಯುತ್ತಿದ್ದರೆ ಮಳೆ ಬಿಟ್ಟ ಬೆಳಿಗ್ಗೆ ಧರಮ್‌ಕೋಟ್ ಮೇಲಿನ ಗಲ್ಲು ದೇವಿ ಗುಡಿಯ ತನಕ ಹೋಗಿ ಚಹಾ ಕುಡಿದು ಬನ್ನಿ. ಇದೇ ಜಿಲ್ಲೆಯ ಬೀರ್ ಅನ್ನುವ ಊರಿನಲ್ಲಿ ಪ್ಯಾರಾಗ್ಲೈಡಿಂಗ್ ಮಾಡೋಣ ಅಂದುಕೊಂಡವರಿಗೆ, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಅದೂ ಬಂದ್.

ಅದರ ಬದಲಿಗೆ ಮಳೆಯಲ್ಲೇ ಚೆಂದ ಇರುವ ಜಾಗಗಳಿವೆ, ದುಡ್ಡೂ ಬೇಡ. ದಲೈ ಲಾಮಾ ದೇವಾಲಯವನ್ನು ಸುತ್ತುವ ಕೋರಾ ದಾರಿ ಬೆಳಿಗ್ಗೆ ಆರಕ್ಕೆ ನೋಡಬೇಕು. ಅಜ್ಜಿಯರು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಜಪಮಣಿ ಹಿಡಿದು, ಕಲ್ಲಿನ ಮೇಲೆ ಕೆತ್ತಿದ ಮಂತ್ರಗಳ ಪಕ್ಕದಲ್ಲಿ ಬಲಸುತ್ತು ಹಾಕುತ್ತಿರುತ್ತಾರೆ, ನೀವೂ ಅದೇ ದಿಕ್ಕಿನಲ್ಲಿ ನಡೆಯಬೇಕು, ಎದುರು ಬರಬಾರದು. ಗಂಗ್‌ಚೆನ್ ಕ್ಯಿಶೊಂಗ್‌ನಲ್ಲಿ ಟಿಬೆಟ್ ಮ್ಯೂಸಿಯಂ ಮತ್ತು 1970ರಲ್ಲಿ ಶುರುವಾದ ಟಿಬೆಟನ್ ಗ್ರಂಥಾಲಯ ಎರಡೂ ಒಂದೇ ಆವರಣದಲ್ಲಿವೆ, ಒಂದು ಇಡೀ ಮಳೆಯ ಮಧ್ಯಾಹ್ನ ಅಲ್ಲಿ ಹೋಗುತ್ತದೆ. ಫೋರ್ಸಿತ್‌ಗಂಜ್ ದಾರಿಯಲ್ಲಿ ದೇವದಾರುಗಳ ನಡುವೆ 1852ರ ಸೇಂಟ್ ಜಾನ್ ಚರ್ಚ್ ಇದೆ, 1863ರಲ್ಲಿ ಇಲ್ಲೇ ತೀರಿಕೊಂಡ ವೈಸರಾಯ್ ಎಲ್ಗಿನ್ ಸಮಾಧಿ ಅಲ್ಲಿದೆ. 1905ರ ಏಪ್ರಿಲ್ 4ರ ಕಾಂಗ್ರಾ ಭೂಕಂಪದಲ್ಲಿ ಸುತ್ತಲಿನದೆಲ್ಲ ನೆಲಕ್ಕೆ ಬಿದ್ದಾಗ ಈ ಕಟ್ಟಡ ಗಂಟೆಗೋಪುರ ಕಳೆದುಕೊಂಡು ಉಳಿಯಿತು. ಸಂಜೆ ಹೊತ್ತು ಟಿಬೆಟನ್ ನಿರಾಶ್ರಿತರಿಗೆ ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾಡಿಸುವ ತರಗತಿಗಳು ಮೆಕ್ಲೋಡ್‌ಗಂಜ್‌ನಲ್ಲಿ ನಡೆಯುತ್ತವೆ, ಪ್ರವಾಸಿಗರು ಒಂದು ಗಂಟೆ ಕೂತು ಮಾತಾಡಿದರೆ ಸಾಕು. ಒಬ್ಬರೇ ಬಂದವರಿಗೆ ಊರಿನ ಜನರ ಪರಿಚಯ ಆಗಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಜಲಪಾತ ನೋಡಲೇಬೇಕು ಅಂದರೆ ದಾರಿಯಿಂದಲೇ ನೋಡಿ, ನೀರಿಗೆ ಇಳಿಯಬೇಡಿ.

ಯಾವಾಗ ಇಳಿದುಬಿಡಬೇಕು

ಹವಾಮಾನ ಇಲಾಖೆ ಕಾಂಗ್ರಾ ಜಿಲ್ಲೆಗೆ ಹಳದಿ ಅಲರ್ಟ್ ಕೊಟ್ಟರೆ ಮಳೆಗಾಲದಲ್ಲಿ ಅದು ದಿನನಿತ್ಯದ ಸುದ್ದಿ, ಪೇಟೆಯಲ್ಲಿ ಓಡಾಡಿಕೊಂಡಿರಿ. ಕಿತ್ತಳೆ ಬಂದರೆ ಕಾಡುದಾರಿ, ಹಳ್ಳ, ಬೇರೆ ಊರಿನ ಪ್ರಯಾಣ ಬೇಡ, ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ. ಕೆಂಪು ಬಂದರೆ ರೂಮಲ್ಲೇ ಇರಿ, ಆಗ ಹೊರಟು ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳೋದು ಇನ್ನೂ ಅಪಾಯ. ಮೂರು ನಾಲ್ಕು ದಿನ ಬಿಡದೆ ಮಳೆ ಸುರಿದು, ರೂಮಿನ ಮೇಲಿನ ಗುಡ್ಡದಿಂದ ಕೆಸರು ನೀರು ಹೊಸ ಜಾಗದಲ್ಲಿ ಹೊರಡಲು ಶುರುವಾದರೆ ಅಲರ್ಟಿಗೆ ಕಾಯಬೇಡಿ, ಮನೆಯವರಿಗೆ ತೋರಿಸಿ, ಬೇರೆ ಕಟ್ಟಡಕ್ಕೆ ಹೋಗಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ಬೇರೆ ಏನೇ ಆದರೂ 112. ನೀವು ಯಾವ ಗೆಸ್ಟ್‌ಹೌಸಿನಲ್ಲಿ ಇದ್ದೀರಿ, ಅದರ ನಂಬರು ಏನು ಅಂತ ಊರಲ್ಲಿ ಒಬ್ಬರಿಗಾದರೂ ಮೆಸೇಜ್ ಹಾಕಿಟ್ಟಿರಿ.

ವಾಪಸ್ ಬರುವಾಗ ದೆಹಲಿಯಿಂದ ರೈಲೋ ವಿಮಾನವೋ ಇದ್ದರೆ, ಅದು ಹೊರಡುವ ದಿನ ಬೆಳಿಗ್ಗೆ ದೆಹಲಿ ಮುಟ್ಟುವ ಬಸ್ಸು ಮಾಡಬೇಡಿ. ಒಂದು ದಿನ ಮುಂಚೆ ಇಳಿದು ಮಜ್ನೂ ಕಾ ಟೀಲಾದಲ್ಲಿ ಒಂದು ರಾತ್ರಿ ಇರಿ. ಅದೂ ಟಿಬೆಟನ್ನರದೇ ಕಾಲೊನಿ, ಅಗ್ಗದ ಗೆಸ್ಟ್‌ಹೌಸುಗಳಿವೆ, ಥುಕ್ಪಾನೂ ಸಿಗುತ್ತದೆ. ಆ ರಾತ್ರಿಯ ಬಾಡಿಗೆಯನ್ನು ಹೊರಡುವ ಮುಂಚೆಯೇ ಬಜೆಟ್ಟಿನಲ್ಲಿ ಬರೆದುಕೊಂಡಿರಿ.